ಮೂತಿಯ ಮೇಲಿನ ಗೀರು

ಜನವರಿ 26, ಭಾನುವಾರ

ಇದು ಲೇತ್ ಅಂಗಡಿಯ ಕೆಲಸದ ಪುಸ್ತಕ. ಅಳತೆ ಬಿಟ್ಟು ಬೇರೇನನ್ನೂ ಇದರಲ್ಲಿ ಬರೆದವನಲ್ಲ ನಾನು. ಇವತ್ತಿನದೊಂದನ್ನು ಬರೆದಿಡುತ್ತೇನೆ, ನಾಳೆಯಿಂದ ಮತ್ತೆ ಅಳತೆ.

ಹನ್ನೊಂದರ ಹೊತ್ತಿಗೆ ಅಂಗಡಿಯ ಮುಂದೆ ಯಲ್ಲಾಪುರದ ಟೆಂಪೊ ನಿಂತಿತು. ಇಳಿದವಳು ಯಾಸ್ಮೀನ್. ಕಾಲೇಜಿಗೆ ಹೋಗುತ್ತಿದ್ದಾಗ ನೋಡಿದ್ದು, ಈಗ ಅಲ್ಲೇ ಶಾಲೆಯಲ್ಲಿ ಟೀಚರಂತೆ. ಟೆಂಪೊ ಹಿಂದುಗಡೆ ಹಳೇ ಚಾದರದಲ್ಲಿ ಸುತ್ತಿದ ಉದ್ದುದ್ದ ಗಂಟುಗಳಿದ್ದವು. ಬಿಚ್ಚುವ ಮೊದಲೇ ಗೊತ್ತಾಯಿತು, ಅವಳಪ್ಪನ ವಿಮಾನ ಎಂದು. ಅವನು ಯಲ್ಲಾಪುರದಲ್ಲಿ ಲಾರಿಗೆ ಬಾಡಿ ಕಟ್ಟುವವನು. ಒಂದರ ಮೇಲೊಂದು ಎರಡು ರೆಕ್ಕೆ, ಏಳು ಅಡಿ ಅಗಲ. ಐದಡಿ ಉದ್ದದ ಮೈ. ಪೂರಾ ಸಿಲ್ವರ್ ಓಕ್ ಮರ. ಕೆಲಸ ಅಚ್ಚುಕಟ್ಟು, ಅದನ್ನು ನಾನೂ ಅಲ್ಲಗಳೆಯುವುದಿಲ್ಲ.

"ಕಾಕಾ, ಮರದ ಕೆಲಸ ಎಲ್ಲ ಮುಗ್ದಿದೆ. ಲೋಹದ್ದು ನಿಮ್ಮ ಪಾಲು ಅಂತ ಅಬ್ಬಾ ಹೇಳಿದ್ರು" ಅಂದಳು.

"ಅದನ್ನ ಹೇಳ್ಲಿಕ್ಕೆ ಅವನಿಗೆ ಬಾಯಿಲ್ಲೇನು?" ಅಂದೆ. ಹುಡುಗಿಯ ಹತ್ತಿರ ಹಾಗೆ ಅನ್ನಬಾರದಿತ್ತು.

ಅವಳು ಸಿಟ್ಟಾಗಲಿಲ್ಲ. ಅಬ್ಬಾಗೆ ಕಣ್ಣಿನ ಪ್ರೆಶರ್ ಜಾಸ್ತಿಯಾಗಿ ಒಂದು ಕಣ್ಣು ಆಗಲೇ ಹೋಗಿದೆ ಎಂದಳು. ಇನ್ನೊಂದರಲ್ಲಿ ಕೊಳವೆಯೊಳಗಿಂದ ನೋಡಿದಷ್ಟೇ ಕಾಣುವುದು. ರಂಜಾನ್ ತಿಂಗಳು ಹಿಡಿಯುವ ಮೊದಲು, ಫೆಬ್ರವರಿ ಇಪ್ಪತ್ತೆಂಟಕ್ಕೆ, ಹುಬ್ಬಳ್ಳಿಯಲ್ಲಿ ಆಪರೇಷನ್.

"ಡಾಕ್ಟ್ರು ಮುಚ್ಚಿಟ್ಟು ಹೇಳಿಲ್ಲ ಕಾಕಾ. ಮಾಡದಿದ್ರೆ ಹೋಗೋದೇ. ಮಾಡಿದ್ರೆ ಇದ್ದಷ್ಟು ಉಳೀಬಹುದು, ಇಲ್ಲಾ ಅದೂ ಹೋಗಬಹುದು. ಅದಕ್ಕೆ ಮೊದಲು ಒಂದ್ಸಲ ಇದು ಗಾಲಿ ಮೇಲೆ ನಿಂತದ್ದು ನೋಡ್ಬೇಕಂತೆ. ಇಪ್ಪತ್ತೇಳಕ್ಕೆ ಬೆಳಿಗ್ಗೆ ಹತ್ತಕ್ಕೆ ನಾವು ಹೊರಡ್ತೇವೆ."

ನೋಡೋಣ ಅಂದೆ. ಅವಳು ಚಹಾ ಕುಡಿಯದೆ ಹೋದಳು. ನಾನು ಕೇಳಲೂ ಇಲ್ಲ.

ಜನವರಿ 28, ಮಂಗಳವಾರ

ಕಂಬ ಎಂಟು, ಮೇಲಿನ ರೆಕ್ಕೆಗೂ ಕೆಳಗಿನದಕ್ಕೂ ನಡುವೆ. ಎಂಟು ಕಂಬಕ್ಕೆ ಎರಡೆರಡು ತುದಿ, ಹದಿನಾರು ಬ್ರಾಕೆಟ್. ಎಳೆದು ಕಟ್ಟುವ ತಂತಿ ಇಪ್ಪತ್ತು. ಇಂಜಿನ್ ಕೂರುವ ತಟ್ಟೆ ಒಂದು. ಗಾಲಿಯ ಅಚ್ಚು. ಇಂಜಿನ್ ಮುಚ್ಚುವ ದುಂಡನೆ ಮೂತಿ.

ಊಟಕ್ಕೆ ಬಡಿಸುತ್ತ ಹೆಂಡತಿ ಮಹೇಶ್ವರಿ ಕೇಳಿದಳು, "ಮಾಡ್ತೀರೋ ಇಲ್ಲೋ? ಒಂಬತ್ತು ವರ್ಷ ಆತು ಸಿಟ್ಟು ಸಾಕಿ. ಎಮ್ಮಿ ಸಾಕಿದ್ರ ಹಾಲರ ಕೊಡತಿತ್ತು."

ಅವಳಿಗೇನು ಗೊತ್ತು. ಮೂವತ್ತೈದು ವರ್ಷದ ಹಿಂದೆ ನಾನೂ ಯಾಸ್ಮೀನಳ ಅಪ್ಪನೂ ಯಲ್ಲಾಪುರದ ಒಂದೇ ಗ್ಯಾರೇಜಿನಲ್ಲಿ ಕೆಲಸ ಕಲಿತವರು. ನಾನು ಬನವಾಸಿ ಕಡೆಯ ಜಂಗಮರ ಹುಡುಗ, ಅವನು ಗ್ಯಾರೇಜಿದ್ದ ಓಣಿಯವನೇ. ಅಲ್ಲಿನ ಗೋಡೆಯ ಕ್ಯಾಲೆಂಡರಿನಲ್ಲಿ ಎರಡು ರೆಕ್ಕೆಯ ಹಳದಿ ವಿಮಾನವಿತ್ತು. ವರ್ಷ ಮುಗಿದರೂ ಅದನ್ನು ಇಳಿಸಲು ನಾವು ಬಿಡಲಿಲ್ಲ. ಮುಂದೆ ಅವನಿಗೆ ಲಾರಿ ಬಾಡಿ ಕಟ್ಟುವ ಸ್ವಂತ ಅಡ್ಡೆ, ನನಗೆ ಶಿರಸಿಯಲ್ಲಿ ಲೇತ್ ಅಂಗಡಿ ಆಯಿತು. ಆಗ ಆ ವಿಮಾನದ ಸಣ್ಣ ಮಾದರಿಯ ನಕ್ಷೆ ತರಿಸಿ ಮಾತು ಮಾಡಿಕೊಂಡೆವು. ಮರ ಅವನದು, ಲೋಹ ನನ್ನದು.

2016ರ ಜುಲೈಯಲ್ಲಿ ಹದಿನಾರು ಹಿತ್ತಾಳೆ ಬ್ರಾಕೆಟ್ ಮಾಡಿ, ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಹೋದೆ. ಅವನ ಆಳುಗಳೆಲ್ಲ ಸುತ್ತ ನಿಂತು ನೋಡುತ್ತಿದ್ದರು. ಒಂದೂ ಕಂಬಕ್ಕೆ ಹತ್ತಲಿಲ್ಲ. ನಕ್ಷೆಯಲ್ಲಿ ಹದಿನೆಂಟು ಮಿಲಿಮೀಟರ್, ನನ್ನದು ಹದಿನೆಂಟೇ. ಹಾಗಾದರೆ ತಪ್ಪು ಅವನ ಕಂಬದ್ದು. ಅದನ್ನೇ ಹೇಳಿದೆ. ಅವನು ನಕ್ಕು, "ಮಳೆಗಾಲ ಮಾರಾಯ, ಮರ ಉಬ್ಬಿದೆ. ದೀಪಾವಳಿಗೆ ಬಾ" ಅಂದ. ಅಷ್ಟಕ್ಕೇ ನಿಲ್ಲದೆ ಒಂದು ಬ್ರಾಕೆಟ್ ತೆಗೆದುಕೊಂಡು ಒಳಗಡೆ ಅರ ಹಾಕಿ ಉಜ್ಜಿದ. ನಾನು ಮಾಡಿದ ಬ್ರಾಕೆಟ್ಟಿಗೆ ಬಡಗಿಯ ಅರ, ಅದೂ ಆಳುಗಳೆದುರು. ಕೈಯಿಂದ ಕಿತ್ತುಕೊಂಡು ಡಬ್ಬಿಗೆ ಹಾಕಿ ಮುಂದಿನ ಬಸ್ಸಿಗೆ ವಾಪಸು ಬಂದೆ. ಅವನೂ ಬರಲಿಲ್ಲ, ನಾನೂ ಹೋಗಲಿಲ್ಲ.

ಫೆಬ್ರವರಿ 2, ಭಾನುವಾರ

ಇಂಜಿನ್ ಸಿಕ್ಕಿತು. ಕಳೆ ಕೊಚ್ಚುವ ಯಂತ್ರದ್ದು. ಹುಲೇಕಲ್‌ನ ವೆಂಕಟ್ರಮಣ ಹೆಗಡೆ ಹಳೆಯದೆಂದು ಇಲ್ಲೇ ಬಿಟ್ಟು ಹೋಗಿದ್ದ. ತಟ್ಟೆಗೆ ನಾಲ್ಕು ತೂತು, ನಡುವಿನ ದೂರ 62.

ತಂತಿ ಬಿಗಿಯುವ ತಿರುಪಿಗೆ ಸೈಕಲ್ ಕಡ್ಡಿ ಮತ್ತು ಅದರ ನಿಪ್ಪಲ್ ಸಾಕು. ಆ ಉಪಾಯ ಹಿಂದೆ ಯಲ್ಲಾಪುರದವನದೇ.

ಫೆಬ್ರವರಿ 5, ಬುಧವಾರ

ಇವತ್ತೂ ಅಳತೆಯಲ್ಲದ್ದೊಂದನ್ನು ಬರೆಯಬೇಕು.

ಹೊಸ ಬ್ರಾಕೆಟ್ ಮಾಡಲು ಹಿತ್ತಾಳೆ ತಗಡು ಹುಡುಕುತ್ತಿದ್ದೆ. ಅಟ್ಟದ ಮೇಲೆ ಆ ಬಿಸ್ಕತ್ತಿನ ಡಬ್ಬಿ ಸಿಕ್ಕಿತು. ಒಂಬತ್ತು ವರ್ಷದಲ್ಲಿ ಒಮ್ಮೆಯೂ ಮುಚ್ಚಳ ತೆಗೆದಿರಲಿಲ್ಲ. ತಮಾಷೆಗೆ ಒಂದನ್ನು ಕಂಬದ ತುದಿಗೆ ಇಟ್ಟು ಹೆಬ್ಬೆರಳಲ್ಲಿ ಒತ್ತಿದೆ. ಕೂತಿತು. ಎರಡನೆಯದೂ ಕೂತಿತು. ಹದಿನೈದೂ ಒಂದರ ಹಿಂದೊಂದು ಕೂತವು, ಸುತ್ತಿಗೆ ಬೇಡ, ಅರ ಬೇಡ.

ನನ್ನ ಅಳತೆ ಸರಿಯಿತ್ತು. ಅವನ ಅಳತೆಯೂ ಸರಿಯಿತ್ತು. ಆಗ ಜುಲೈ, ಈಗ ಫೆಬ್ರವರಿ, ವ್ಯತ್ಯಾಸ ಅಷ್ಟೇ. ಮಳೆಗಾಲದಲ್ಲಿ ಬಾಗಿಲು ಹಾಕಲು ಬರುವುದಿಲ್ಲ ಎಂದು ಈ ಊರಿನ ಮಗುವಿಗೂ ಗೊತ್ತು. ಅವನು ಬಾಯಿಬಿಟ್ಟು ಹೇಳಿಯೂ ಇದ್ದ. ನಾನು ಅದನ್ನು ನೆಪ ಎಂದುಕೊಂಡೆ.

ಹದಿನಾರನೆಯದು, ಅವನು ಉಜ್ಜಿದ್ದು, ಈಗ ಸಡಿಲ. ಅಲ್ಲಾಡುತ್ತದೆ. ಅವನಾದರೂ ಆವತ್ತು ಅರ ಎತ್ತಿಕೊಳ್ಳದೆ ಸುಮ್ಮನಿದ್ದಿದ್ದರೆ ಎಂದು ಒಂದು ಗಳಿಗೆ ಅನ್ನಿಸಿತು. ಆಮೇಲೆ ನಾಚಿಕೆಯಾಯಿತು.

ಮಹೇಶ್ವರಿಗೆ ತೋರಿಸಿದೆ. "ಈಗ ಫೋನ್ ಹಚ್ಚಿ ಹೇಳ್ರಿ ಅವರಿಗೆ" ಅಂದಳು.

"ಬಾಯಿಮಾತೇನು? ಪೂರಾ ಮುಗಿಸಿ ಒಯ್ದು ಎದುರಿಗೇ ತೋರಿಸ್ತೀನಿ."

"ನಿಮಗ ಮುಗಿಸೂದು ಬರತೈತಿ, ಹೇಳೂದು ಬರೂದಿಲ್ಲ" ಅಂದು ಒಳಗೆ ಹೋದಳು.

ಫೆಬ್ರವರಿ 7, ಶುಕ್ರವಾರ

ಹದಿನಾರನೆಯದನ್ನು ಹೊಸದಾಗಿ ಮಾಡಿದೆ. ಒಳ ಅಳತೆ 18. ಹಳೆಯದನ್ನು ಕರಗಿಸುವ ಹಿತ್ತಾಳೆಯ ಜೊತೆ ಹಾಕಲು ಹೋಗಿ, ಮತ್ತೆ ತೆಗೆದು ಡಬ್ಬಿಯಲ್ಲಿಟ್ಟೆ.

ಫೆಬ್ರವರಿ 13, ಗುರುವಾರ

ಮೂತಿಯ ಕೆಲಸ ಶುರು. ಅಲ್ಯೂಮಿನಿಯಂ ತಗಡನ್ನು ಮರದ ಅಚ್ಚಿನ ಮೇಲಿಟ್ಟು ಬಡಿದು ದುಂಡಗೆ ತರಬೇಕು. ಅಚ್ಚು ಗಂಟಿನಲ್ಲೇ ಬಂದಿತ್ತು, ಯಾಸ್ಮೀನಳ ಅಪ್ಪ ಇಕ್ಬಾಲ ಕೆತ್ತಿದ್ದು. ಒಂದು ಪಕ್ಕ ನುಣುಪು, ಇನ್ನೊಂದು ಪಕ್ಕ ಉಳಿ ಅಲ್ಲಲ್ಲಿ ಜಾರಿದೆ. ಆ ಪಕ್ಕ ಕೆತ್ತುವ ಹೊತ್ತಿಗೆ ಕಣ್ಣು ಹೋಗಿರಬೇಕು. ಬಹಳ ಹೊತ್ತು ಅದನ್ನೇ ಹಿಡಿದುಕೊಂಡು ಕೂತಿದ್ದೆ.

ತಗಡಿಗೆ ಬಟ್ಟೆ ಸೋಪು ಉಜ್ಜಿ ಬೆಂಕಿ ಹಿಡಿಯಬೇಕು. ಸೋಪು ಕಪ್ಪಾದರೆ ತಗಡು ಮೆತ್ತಗಾಯಿತು ಎಂದು ಲೆಕ್ಕ. ಇನ್ನೂ ಬಿಸಿ ಮಾಡಿದರೆ ಕರಗಿ ಹೋಗುತ್ತದೆ. ಇದನ್ನು ನಮ್ಮಿಬ್ಬರಿಗೂ ಕಲಿಸಿದವರು ಗ್ಯಾರೇಜಿನ ಉಸ್ತಾದರು. ಮೊದಲನೆಯದು ಅಂಚಿನಲ್ಲಿ ಸೀಳಿತು.

ಫೆಬ್ರವರಿ 17, ಸೋಮವಾರ

ಎರಡನೆಯ ಮೂತಿಯೂ ಸೀಳಿತು.

ವೆಂಕಟ್ರಮಣ ಸ್ಪ್ರೇ ಪಂಪು ರಿಪೇರಿಗೆ ತಂದಿದ್ದ. ವಿಮಾನದ ಸುತ್ತ ಎರಡು ಸುತ್ತು ಹಾಕಿ, "ಎಂತ ಸಂಗಯ್ಯ, ಅಡಿಕೆಗೆ ಕೊಳೆ ಔಷಧಿ ಹೊಡೆಯೂಕೆ ಅಡ್ಡಿಲ್ಯ ಇದು? ಮರ ಹತ್ತೂ ಕೊನೆಗೌಡನ ಕಾಯೂದು ತಪ್ತಿತ್ತು" ಅಂದ. ಬಹಳ ದಿನದ ಮೇಲೆ ನಕ್ಕೆ. ಇಪ್ಪತ್ತೇಳಕ್ಕೆ ಪಿಕಪ್ ಬೇಕು ಅಂದೆ, ಕೊಡುತ್ತೇನೆ ಅಂದ.

ಫೆಬ್ರವರಿ 21, ಶುಕ್ರವಾರ

ಮೂತಿಯೊಂದು ಬಿಟ್ಟು ಎಲ್ಲ ಮುಗಿಯಿತು. ಗಾಲಿಯ ಮೇಲೆ ನಿಂತಿದೆ. ತಂತಿ ಮೀಟಿದರೆ ಇಪ್ಪತ್ತೂ ಒಂದೇ ಸ್ವರ.

ಯಾಸ್ಮೀನ್ ಫೋನ್ ಮಾಡಿದ್ದಳು. "ಹೇಗಿದೆಯೋ ಹಾಗೇ ತನ್ನಿ ಕಾಕಾ. ಈ ವಾರ ಅಬ್ಬಾಗೆ ಮತ್ತೂ ಕಮ್ಮಿ ಕಾಣ್ತದೆ."

"ಮೂಗಿಲ್ಲದ್ದನ್ನ ಹೆಂಗ ತರ್ಲಿ ತಂಗಿ? ಅಲ್ಲಿ ಆಳುಗಳ ಮುಂದೆ ಮತ್ತ ನಗೆಪಾಟಲಾಗ್ಲೇನು?"

"ಆಗಿನ ಆಳುಗಳಲ್ಲಿ ಈಗ ಇರೋದು ದ್ಯಾಮಪ್ಪಣ್ಣ ಒಬ್ರೇ ಕಾಕಾ" ಅಂದಳು.

ಮಹೇಶ್ವರಿ ಪಕ್ಕದಲ್ಲೇ ಇದ್ದಳು. "ಕೋಪದಾಗ ಕೊಯ್ದ ಮೂಗು ಶಾಂತ ಆದ ಮ್ಯಾಲ ಬರೂದಿಲ್ಲ ಅಂತಾರ. ನೀವು ಮೂರನೇ ಮೂಗು ಬಡೀಲಿಕ್ಕೆ ಹತ್ತೀರಿ" ಅಂದಳು. ನಾನು ಕೇಳಿಸದವನಂತೆ ಸೋಪು ಹುಡುಕಿದೆ.

ಇವತ್ತೇ ಬಸ್ಸು ಹತ್ತಿ ಹೋಗಿ ಕೈ ಹಿಡಿದು ಹೇಳಿ ಬರಬಹುದು. ಒಂದೂವರೆ ಗಂಟೆಯ ದಾರಿ. ಆದರೆ ಬರಿಗೈಯಲ್ಲಿ ಹೋಗಿ ಏನೆಂದು ಶುರು ಮಾಡಲಿ? ವಿಮಾನ ಎದುರಿಗಿದ್ದರೆ ಮಾತು ತಾನಾಗಿಯೇ ಬರುತ್ತದೆ.

ಫೆಬ್ರವರಿ 26, ಬುಧವಾರ, ಶಿವರಾತ್ರಿ

ಉಪವಾಸ. ಅಂಗಡಿಯ ಬಾಗಿಲು ಎಳೆದುಕೊಂಡು ಒಳಗೆ ಕೆಲಸ. ಮಧ್ಯಾಹ್ನ ಮೂರಕ್ಕೆ ಮೂರನೆಯ ಮೂತಿ ಸೀಳದೆ ಅಚ್ಚಿನಿಂದ ಬಂತು. ಸಂಜೆಯವರೆಗೆ ಉಜ್ಜಿ, ಕೂರಿಸಿ ನೋಡಿದೆ. ಮುಖ ಕಾಣುತ್ತದೆ ಅದರಲ್ಲಿ.

ನಾಳೆ ಬೆಳಿಗ್ಗೆ ಏಳಕ್ಕೆ ಹೊರಟರೆ ನಿಧಾನಕ್ಕೆ ಹೋದರೂ ಒಂಬತ್ತರೊಳಗೆ ಯಲ್ಲಾಪುರ. ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಎರಡು ಸಲ ಹೇಳಿಕೊಂಡೆ.

ಫೆಬ್ರವರಿ 27, ಗುರುವಾರ

ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಆರೂವರೆಗೆ ವೆಂಕಟ್ರಮಣನ ಪಿಕಪ್ಪಿಗೆ ವಿಮಾನ ಏರಿಸಿ ಹಗ್ಗ ಕಟ್ಟಿದೆ. ರೆಕ್ಕೆ ಆಚೆ ಈಚೆ ಒಂದೊಂದು ಗೇಣು ಹೊರಗೆ. ಬಿಸಿಲು ಬಿತ್ತು. ಆಗ ಮೂತಿಯ ಎಡಗಡೆ ಒಂದು ಗೀರು ಕಂಡಿತು. ಹಗ್ಗದ ಕೊಂಡಿ ತಾಗಿರಬೇಕು. ಬೆರಳುದ್ದವೂ ಇರಲಿಲ್ಲ. ಹತ್ತು ನಿಮಿಷದ ಕೆಲಸ ಎಂದು ಮೂತಿ ಬಿಚ್ಚಿದೆ. ಗೀರು ಹೋಯಿತು, ಆದರೆ ಉಜ್ಜಿದ ಜಾಗ ಮಾತ್ರ ಬೇರೆಯಾಗಿ ಹೊಳೆಯಿತು. ಸರಿ ಮಾಡಲು ಪೂರಾ ಮೂತಿ ಉಜ್ಜಬೇಕಾಯಿತು. ಮಹೇಶ್ವರಿ ಎರಡು ಸಲ ಬಂದು ನೋಡಿ ಹೋದಳು. ಮೂರನೇ ಸಲ, "ಅವರಿಗೆ ಕಣ್ಣು ಕಾಣೂದಿಲ್ರಿ" ಅಂದಳು. ನಾನು ತಲೆ ಎತ್ತಲಿಲ್ಲ.

ಹೊರಟಾಗ ಒಂಬತ್ತು ಕಾಲು. ಏಳು ಅಡಿ ರೆಕ್ಕೆ ಕಟ್ಟಿಕೊಂಡು ಜೋರಾಗಿ ಓಡಿಸುವಂತಿಲ್ಲ. ಮಂಚಿಕೇರಿಯಲ್ಲಿ ಹತ್ತು ದಾಟಿತ್ತು. ಅಲ್ಲಿ ಚಹಾ ಅಂಗಡಿಯವರು ಕೈಬೀಸಿ ನಗುತ್ತಿದ್ದರು. ಅಡ್ಡೆಯ ಮುಂದೆ ನಿಲ್ಲಿಸಿದಾಗ ಹನ್ನೊಂದಕ್ಕೆ ಹತ್ತು ನಿಮಿಷ.

ದ್ಯಾಮಪ್ಪ ಒಬ್ಬನೇ ಇದ್ದ. "ಬರ್ರಿ ಅಯ್ನೋರ" ಅಂದ, ಮುಖ ನೋಡಲಿಲ್ಲ. "ಸಾಹೇಬ್ರು ಎಂಟರಿಂದ ಈ ಬೆಂಚಿನ ಮ್ಯಾಲ ಕುಂತಿದ್ರು. ಹತ್ತಕ್ಕ ಕಾರು ಬಂತು. ಇನ್ನೊಂದೀಟು ತಡೀರಿ, ಸಂಗ್ಯಾ ಬರ್ತಾನ ಅಂದ್ರು. ಫೋನ್ ಹಚ್ಚಿದ್ರ ನಿಮಗ ಹತ್ತಲಿಲ್ಲ, ಹತ್ತೂವರಿ ತನಕ ಕಾದ್ರು. ಆಸ್ಪತ್ರಿಯವರು ಒಂದಕ್ಕ ಬರಬೇಕಂದಾರಂತ ಅಮ್ಮಾರು ಎಬ್ಬಿಸಿಕೊಂಡು ಹೋದ್ರು."

"ಪಂಕ್ಚರ್ ಆತು" ಅಂದೆ. ಬಾಯಿಂದ ಬಂದುಬಿಟ್ಟಿತು.

"ಆಕ್ಕೈತ್ರಿ. ರಸ್ತೆ ಹಂಗೈತಿ" ಅಂದ ಅವನು.

ಅಲ್ಲಿಂದ ಹುಬ್ಬಳ್ಳಿಗೆ ಇನ್ನೆರಡು ಗಂಟೆ. ಹೋಗಬಹುದಿತ್ತು. ಆಸ್ಪತ್ರೆಯ ಅಂಗಳದಲ್ಲಿ ವಿಮಾನ ಇಳಿಸಿದರೆ ಜನ ಸೇರಿ ನಗುತ್ತಾರೆ ಎಂದು ತಿರುಗಿ ಬಂದೆ. ಬ್ರಾಕೆಟ್ಟಿನ ಡಬ್ಬಿ ಹಿಡಿದುಕೊಂಡು ಆವತ್ತೂ ಜನ ನಗುತ್ತಾರೆ ಎಂದೇ ತಿರುಗಿ ಬಂದಿದ್ದೆ.

ಫೆಬ್ರವರಿ 28, ಶುಕ್ರವಾರ

ಆಪರೇಷನ್ ಆಗಿದೆ. ಪಟ್ಟಿ ಕಟ್ಟಿದ್ದಾರೆ.

ಮಾರ್ಚ್ 4, ಮಂಗಳವಾರ

ಯಾಸ್ಮೀನ್ ಫೋನ್ ಮಾಡಿದಳು. ಪಟ್ಟಿ ಬಿಚ್ಚಿ ಮೂರು ದಿನವಾಯಿತಂತೆ. ಬೆಳಕು ಇದೆಯೋ ಇಲ್ಲವೋ ಅಷ್ಟೇ ಗೊತ್ತಾಗುತ್ತದೆ. ಅದಕ್ಕಿಂತ ಹೆಚ್ಚು ಬರಲಿಕ್ಕಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಮೊದಲೇ ಹೇಳಿದ್ದರು, ಅವರ ತಪ್ಪಿಲ್ಲ ಎಂದಳು.

"ಆವತ್ತು ನಿಮ್ಗೆ ಪಂಕ್ಚರ್ ಆಯ್ತಂತೆ. ಅಬ್ಬಾ ಬೇಜಾರ್ ಮಾಡ್ಕೋಬೇಡಿ ಅಂತ ಹೇಳ್ಲಿಕ್ಕೆ ಹೇಳಿದ್ರು."

ನಾನು ಹೂಂ ಅಂದೆ. ನಿಜ ಹೇಳಲು ಅದೇ ಹೊತ್ತು. ಹೂಂ ಅಂದು ಫೋನ್ ಇಟ್ಟೆ.

ಮಾರ್ಚ್ 9, ಭಾನುವಾರ

ಕೆಲಸ ಮಾಡಲಿಲ್ಲ.

ಮಾರ್ಚ್ 18, ಮಂಗಳವಾರ

ವೆಂಕಟ್ರಮಣನ ಪಂಪಿನ ಪಿಸ್ಟನ್ ಒಂದು ಕೂದಲಷ್ಟು ಓರೆಯಾಯಿತು. ಹಿಂದೆ ಆಗಿದ್ದರೆ ಬಿಸಾಡಿ ಹೊಸದು ಮಾಡುತ್ತಿದ್ದೆ. ಹಾಕಿ ನೋಡಿದೆ, ನೀರು ಸರಿಯಾಗಿಯೇ ಹೊಡೆಯಿತು. ಹಾಗೇ ಕೊಟ್ಟು ಕಳಿಸಿದೆ.

ವಿಮಾನಕ್ಕೆ ಚಾದರ ಹೊದೆಸಿದ್ದೇನೆ. ಹೋಗುವಾಗ ಬರುವಾಗ ಮೂತಿ ಹೊಳೆಯುವುದನ್ನು ನೋಡಲು ಆಗುವುದಿಲ್ಲ. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದವರ ಕತೆ ಚಿಕ್ಕಂದಿನಲ್ಲಿ ಕೇಳಿ ನಗುತ್ತಿದ್ದೆವು.

ಮಾರ್ಚ್ 30, ಭಾನುವಾರ, ಯುಗಾದಿ

ಬೇವುಬೆಲ್ಲ ಕೈಗಿಡುತ್ತ ಮಹೇಶ್ವರಿ, "ನಾಳೆ ಅವರ ರಂಜಾನ್ ಹಬ್ಬ. ನಾನೂ ಬರ್ತೀನಿ. ಶಾಕಿರಾ ಮಾಡೂ ಸುರಕುಂಬಾ ಕುಡದು ಒಂಬತ್ತು ವರ್ಷ ಆತು" ಅಂದಳು. ಮೊದಲು ಪ್ರತಿ ವರ್ಷವೂ ಹೋಗುತ್ತಿದ್ದೆವು. ಇಕ್ಬಾಲನ ಹೆಂಡತಿ ಶಾಕಿರಾ ಆ ಹಾಲು ಶಾವಿಗೆಯ ಪಾಯಸವನ್ನು ನಮಗಾಗಿ ಬೇರೆ ಪಾತ್ರೆಯಲ್ಲಿ ಮಾಡಿಡುತ್ತಿದ್ದಳು.

ಹೋಗುತ್ತೇನೆ. ಏನು ಹೇಳಬೇಕೆಂದು ಈ ಸಲ ಮನಸ್ಸಿನಲ್ಲಿ ಹೇಳಿಕೊಂಡಿಲ್ಲ.

ಮಾರ್ಚ್ 31, ಸೋಮವಾರ

ಹೋಗಿ ಬಂದೆವು.

ಇಕ್ಬಾಲ ಅಡ್ಡೆಯ ಅದೇ ಬೆಂಚಿನ ಮೇಲಿದ್ದ, ಹೊಸ ಬಿಳಿ ಜುಬ್ಬಾ ಹಾಕಿಕೊಂಡು. ಗಡ್ಡ ಪೂರಾ ಬೆಳ್ಳಗಾಗಿದೆ. ಪಿಕಪ್ಪಿನ ಸದ್ದಿನ ಕಡೆ ಮುಖ ತಿರುಗಿಸಿ, "ಸಂಗ್ಯಾ, ಬಂದ್ಯಾ" ಅಂದ. ನಿನ್ನೆ ಸಂಜೆ ಬಿಟ್ಟು ಹೋದವನನ್ನು ಕೇಳಿದ ಹಾಗಿತ್ತು. ನನಗೆ ಅಳು ಬಂತು. ಅವನಿಗೆ ಕಾಣುವುದಿಲ್ಲ ಎಂದು ಒರೆಸಿಕೊಳ್ಳಲೂ ಇಲ್ಲ.

ದ್ಯಾಮಪ್ಪನೂ ನಾನೂ ವಿಮಾನ ಇಳಿಸಿ ಅವನ ಮುಂದೆ ನಿಲ್ಲಿಸಿದೆವು. ಅವನು ಬಾಲದಿಂದ ಶುರು ಮಾಡಿದ. ಎರಡೂ ಕೈ ಆಡಿಸುತ್ತ ಮುಂದೆ ಬಂದ. ತಂತಿ ಮೀಟಿದ. ಆಮೇಲೆ ಕಂಬಗಳ ತುದಿ ಹಿಡಿದು ಎಣಿಸತೊಡಗಿದ, ಒಂದು, ಎರಡು. ಹದಿನಾರಕ್ಕೆ ಬಂದು ನಿಂತ.

"ಇದು ಹೊಸದು. ಬಾಕಿದೆಲ್ಲ ಹಳೇದು. ಆಗಿಂದು."

"ಹೌದು. ಎಲ್ಲ ಕೂತ್ವು ಇಕ್ಬಾಲ. ನೀ ಹೇಳಿದ್ದೇ ಖರೆ ಇತ್ತು. ಮರ ಉಬ್ಬಿತ್ತು."

"ದೀಪಾವಳಿಗೆ ನಿಂಗಾಗಿ ಕಂಬ ಎಲ್ಲ ಒಣಗ್ಸಿ ಇಟ್ಟಿದ್ದೆ. ಮುಂದಿನ ದೀಪಾವಳಿಗೂ ಇಟ್ಟಿದ್ದೆ" ಅಂದ. "ಹದಿನಾರನೇದು ಎಲ್ಲಿ?"

ಡಬ್ಬಿಯಿಂದ ತೆಗೆದು ಕೈಗೆ ಕೊಟ್ಟೆ. ಒಳಗಡೆ ತನ್ನ ಅರದ ಗುರುತನ್ನು ಹೆಬ್ಬೆರಳಿನಿಂದ ಸವರಿದ. "ಅಲ್ಲಾಡ್ತದಾ?"

"ಅಲ್ಲಾಡ್ತದೆ."

"ಇದನ್ನೇ ಹಾಕು. ಪ್ಯಾಕಿಂಗ್ ಕೊಟ್ರೆ ಆಯ್ತು. ಲಾರಿ ಕಟ್ಟೋರು ಹಾಗೇ ಮಾಡೋದು."

ನನ್ನ ಕೆಲಸಕ್ಕೆ ಈ ಜನ್ಮದಲ್ಲಿ ಪ್ಯಾಕಿಂಗ್ ಕೊಟ್ಟವನಲ್ಲ ನಾನು. ಹೊಸದನ್ನು ಬಿಚ್ಚಿ, ಬಿಸ್ಕತ್ತಿನ ಡಬ್ಬಿಯ ಮುಚ್ಚಳದಿಂದ ಒಂದು ಪಟ್ಟಿ ಕತ್ತರಿಸಿ, ಕಂಬಕ್ಕೆ ಸುತ್ತಿ, ಹಳೇ ಬ್ರಾಕೆಟ್ಟನ್ನೇ ಒತ್ತಿದೆ. ಗಟ್ಟಿಯಾಗಿ ಕೂತಿತು.

ಅಷ್ಟರಲ್ಲಿ ಶಾಕಿರಾ ಎರಡು ಬಟ್ಟಲು ತಂದು ಬೆಂಚಿನ ಮೇಲಿಟ್ಟು, ಮಹೇಶ್ವರಿಯನ್ನು ಒಳಗೆ ಕರೆದುಕೊಂಡು ಹೋದಳು. ಇಕ್ಬಾಲ ಬಟ್ಟಲಿಗೆ ಕೈ ಹಾಕಲಿಲ್ಲ. "ಆವತ್ತು ಪಂಕ್ಚರ್ ಎಲ್ಲಾಯ್ತು? ಮಂಚಿಕೇರಿ ಹತ್ರನಾ?" ಅಂದ. ಮಾತಿಗೆ ಕೇಳಿದ್ದು, ಬೇರೇನಿಲ್ಲ. ಹೌದು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಪಂಕ್ಚರ್ ಆಗಿರ್ಲಿಲ್ಲ" ಅಂದೆ. "ಮೂತಿ ಮೇಲೆ ಒಂದು ಗೀರು ಬಿದ್ದಿತ್ತು. ಅದನ್ನ ತೆಗೀತಾ ಕೂತೆ. ಎರಡು ತಾಸು."

ರಸ್ತೆಯಲ್ಲಿ ಒಂದು ಮರದ ಲಾರಿ ಹೋಯಿತು. ಅದರ ಸದ್ದು ಪೂರಾ ಹೋಗುವ ತನಕ ಅವನು ಮುಖ ಅತ್ತಲೇ ಇಟ್ಟುಕೊಂಡಿದ್ದ. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಬಲಗೈ ಮುಂದೆ ಚಾಚಿದ.

"ಎಲ್ಲಿತ್ತು?"

ಅವನ ತೋರುಬೆರಳು ಹಿಡಿದು ಮೂತಿಯ ಎಡಗಡೆ ಇಟ್ಟೆ. ಅವನು ನಿಧಾನಕ್ಕೆ ಸವರಿದ, ಮೇಲಿಂದ ಕೆಳಗೆ, ಮತ್ತೆ ಕೆಳಗಿಂದ ಮೇಲೆ. ಉಗುರಿನಲ್ಲೂ ನೋಡಿದ.

"ಏನೂ ಸಿಗೂದಿಲ್ಲ" ಅಂದ. "ಚಲೋ ತೆಗ್ದೀಯ."

ಗೀರನ್ನು ಹಾಗೇ ಬಿಟ್ಟಿದ್ದರೆ ಇವತ್ತು ಅವನ ಬೆರಳಿಗಾದರೂ ಸಿಗುತ್ತಿತ್ತು. ಅದನ್ನು ಅವನಿಗೆ ಹೇಳಿಯೂ ಬಿಟ್ಟೆ. ಅವನು ನನ್ನ ಕೈ ಬಿಡಲಿಲ್ಲ. ಇನ್ನೊಂದು ಕೈಯ ಪಕ್ಕಕ್ಕೆ ಬಟ್ಟಲು ಸರಿಸಿ ಕೊಟ್ಟೆ. ಸುರಕುಂಬಾ ಆರಿಹೋಗಿತ್ತು. ಇಬ್ಬರೂ ಕುಡಿದೆವು.